ಬೀರುವಿನೊಳಗಿನ ಪುಸ್ತಕ, ಏಣಿಯ ಮೇಲಿನ ಮಗು

ಹೆಬ್ಬಾಳದಿಂದ ಯಲಹಂಕದತ್ತ ಬಳ್ಳಾರಿ ರಸ್ತೆಯಲ್ಲಿ ಸಾಗುವವರಿಗೆ ಬಲಗಡೆ ಸಿಗುವ ಊರು ಅಮೃತಹಳ್ಳಿ. ಊರು ಎಂದೆ, ಹಳೆಯ ಅಭ್ಯಾಸ. ಕೆರೆ, ಹೊಲ, ತೋಟಗಳಿದ್ದ ಹಳ್ಳಿ ಮೊದಲು ಬ್ಯಾಟರಾಯನಪುರ ನಗರಸಭೆಗೆ ಸೇರಿತು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಭಾಗವಾಯಿತು. ಇಂದು ಅದರ ಸುತ್ತ ಬಹುಮಹಡಿ ಮನೆಗಳೂ ಆ ಮನೆಗಳನ್ನು ಕಟ್ಟುವವರ ತಗಡಿನ ಶೆಡ್ಡುಗಳೂ ಅಕ್ಕಪಕ್ಕದಲ್ಲೇ ಇವೆ. ಬಹುಮಹಡಿಯ ಮಕ್ಕಳು ಹಳದಿ ಬಸ್ಸು ಹತ್ತಿ ಆಂಗ್ಲ ಮಾಧ್ಯಮದ ಶಾಲೆಗಳಿಗೆ ಹೋಗುತ್ತಾರೆ. ಶೆಡ್ಡುಗಳ ಮಕ್ಕಳು ನಡೆದು ಸರ್ಕಾರಿ ಶಾಲೆಗೆ ಬರುತ್ತಾರೆ. ಈ ಬರಹ ಎರಡನೆಯ ಗುಂಪಿನ ಮಕ್ಕಳ ಓದನ್ನು ಕುರಿತದ್ದು.

ಕಳೆದ ವರ್ಷ ಕೆಲವು ತಿಂಗಳ ಕಾಲ ಶನಿವಾರದ ಬೆಳಿಗ್ಗೆಗಳಲ್ಲಿ ಈ ಭಾಗದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಓದುವುದನ್ನು ಕೇಳಿಸಿಕೊಳ್ಳುತ್ತಾ ಕುಳಿತುಕೊಳ್ಳುವ ಅವಕಾಶ ನನಗೆ ಒದಗಿತ್ತು. ಮೂರನೆಯ ತರಗತಿಯ ಒಬ್ಬ ಬಾಲಕಿ, ತಂದೆತಾಯಿ ಯಾದಗಿರಿಯ ಕಡೆಯವರು, ತನ್ನ ಕಾರ್ಡನ್ನು ತಂದು ನನ್ನ ಮುಂದೆ ಗಟ್ಟಿಯಾಗಿ, ಸ್ಪಷ್ಟವಾಗಿ, ಎಲ್ಲಿಯೂ ತಡವರಿಸದೆ ಓದಿದಳು. ಸಂತೋಷಪಟ್ಟು ಚೀಲದಿಂದ ಒಂದು ತೆಳುವಾದ ಕಥೆ ಪುಸ್ತಕ ತೆಗೆದು ಕೊಟ್ಟೆ. ಕಾರ್ಡಿನಲ್ಲಿದ್ದ ಪದಗಳೇ ಅದರಲ್ಲೂ ಬಹುಪಾಲು ಇದ್ದವು. ಆಕೆ ಚಿತ್ರವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಚಿತ್ರದಲ್ಲಿದ್ದುದನ್ನು ತನ್ನ ಮಾತಿನಲ್ಲಿ ಹೇಳತೊಡಗಿದಳು. ಬೆರಳು ಸಾಲಿನ ಮೇಲೆ ಚಲಿಸುತ್ತಿತ್ತು, ಆದರೆ ಬೆರಳಿನ ಕೆಳಗಿನ ಅಕ್ಷರಕ್ಕೂ ಬಾಯಿಂದ ಬರುತ್ತಿದ್ದ ಮಾತಿಗೂ ಸಂಬಂಧವಿರಲಿಲ್ಲ. ಕಾರ್ಡು ಆಕೆಗೆ ಬಾಯಿಪಾಠವಾಗಿತ್ತು. ದಾಖಲೆಯ ಪ್ರಕಾರ ಆಕೆ ಓದಬಲ್ಲವಳು.

ಈ ದಾಖಲೆಗೂ ಆ ಬೆರಳಿಗೂ ನಡುವಣ ಅಂತರವನ್ನು ಶಿಕ್ಷಕರ ಉದಾಸೀನದ ತಲೆಗೆ ಕಟ್ಟುವುದು ಸುಲಭ. ನಾನು ನೋಡಿದ ಶಿಕ್ಷಕಿಯ ವಿಷಯದಲ್ಲಿ ಅದು ಅನ್ಯಾಯವಾಗುತ್ತದೆ. ಆಕೆ ಮಾಡಬೇಕೆಂದು ಮೇಲಿನಿಂದ ಬಂದದ್ದೆಲ್ಲವನ್ನೂ ಮಾಡಿದ್ದರು. ಆದ್ದರಿಂದ ಆ ಮೇಲಿನಿಂದ ಬಂದುದು ಏನು, ಅದನ್ನು ಯಾರು, ಯಾರಿಗಾಗಿ ಯೋಚಿಸಿದರು ಎಂಬುದನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸುವುದು ಒಳ್ಳೆಯದು.

ಕರ್ನಾಟಕದ ಕಂದಾಯ ಜಿಲ್ಲೆಗಳು 31, ಆದರೆ ಶೈಕ್ಷಣಿಕ ಜಿಲ್ಲೆಗಳು 35. ಬೆಂಗಳೂರು ನಗರ ಜಿಲ್ಲೆ ಉತ್ತರ ಮತ್ತು ದಕ್ಷಿಣ ಎಂದು ಎರಡಾಗಿದೆ, ಅಮೃತಹಳ್ಳಿ ಉತ್ತರದ್ದು. ಜಿಲ್ಲೆಗೆ ಉಪನಿರ್ದೇಶಕರು, ಅವರ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ತರಬೇತಿಗೆ ಡಯಟ್, ಹತ್ತಾರು ಶಾಲೆಗಳ ಗುಂಪಿಗೊಬ್ಬರು ಸಿ.ಆರ್.ಪಿ., ಶಾಲೆಯಲ್ಲಿ ಪೋಷಕರ ಎಸ್.ಡಿ.ಎಂ.ಸಿ. ಕಾಗದದ ಮೇಲೆ ನೋಡಿದರೆ ಒಂದು ಮಗುವಿನ ಓದನ್ನು ಕಾಯಲು ಇಷ್ಟು ಜನರಿರುವ ವ್ಯವಸ್ಥೆಯನ್ನು ಮೆಚ್ಚಲೇಬೇಕು. ಪ್ರತಿ ವರ್ಷ ಜಿಲ್ಲೆಯ ಕಾರ್ಯಯೋಜನೆ ಮತ್ತು ಆಯವ್ಯಯ ಸಿದ್ಧವಾಗುತ್ತದೆ. ಅದಕ್ಕೆ ಆಧಾರ ಶಾಲೆಗಳು ತುಂಬಿಸಿ ಕೊಡುವ ಯು-ಡೈಸ್ ಮಾಹಿತಿ: ಕೊಠಡಿ ಎಷ್ಟು, ಶೌಚಾಲಯ ಎಷ್ಟು, ಶಿಕ್ಷಕರೆಷ್ಟು, ದಾಖಲಾದ ಮಕ್ಕಳೆಷ್ಟು. ಎರಡನೆಯ ತರಗತಿಯಲ್ಲಿ ಅಪರಿಚಿತ ಪುಟವೊಂದನ್ನು ಓದಬಲ್ಲ ಮಕ್ಕಳೆಷ್ಟು ಎಂಬ ಕಾಲಂ ಅದರಲ್ಲಿಲ್ಲ. ಪ್ರತಿ ಮೇ ತಿಂಗಳ ಹೊತ್ತಿಗೆ ಎಸ್.ಎಸ್.ಎಲ್.ಸಿ. ಫಲಿತಾಂಶದೊಂದಿಗೆ 35 ಶೈಕ್ಷಣಿಕ ಜಿಲ್ಲೆಗಳ ಸ್ಥಾನಪಟ್ಟಿ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ, ಅಧಿಕಾರಿಗಳ ಮಾನಾಪಮಾನ ಅಲ್ಲಿಯೇ ನಿರ್ಧಾರವಾಗುತ್ತದೆ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗುವ ಹುಡುಗ ಎರಡನೆಯ ತರಗತಿಯಲ್ಲೇ ಹಿಂದೆ ಬಿದ್ದಿದ್ದ ಎಂಬುದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಇನ್ನು ಓದು ಕಲಿಸುವ ವಿಧಾನಕ್ಕೆ ಬರೋಣ. ಸರ್ಕಾರಿ ಶಾಲೆಯ ಒಂದರಿಂದ ಮೂರನೆಯ ತರಗತಿಗಳನ್ನು ಆಳುತ್ತಿರುವುದು 'ನಲಿ-ಕಲಿ'. ನಮ್ಮ ಓದುಗರಲ್ಲಿ ಅನೇಕರು ಹೆಸರು ಕೇಳಿರಬಹುದು, ಕೊಠಡಿಯನ್ನು ನೋಡಿರಲಾರರು. ಅಲ್ಲಿ ಬೆಂಚುಗಳ ಸಾಲಿಲ್ಲ. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತಿರುತ್ತಾರೆ. ತಲೆಯ ಮೇಲೆ ದಾರಗಳ ಚಪ್ಪರ, ಅದರಲ್ಲಿ ತೂಗುವ ಮಕ್ಕಳ ಚಿತ್ರಗಳು. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟುಕುವ ಕಪ್ಪುಹಲಗೆ. ಪಠ್ಯಪುಸ್ತಕದ ಸ್ಥಾನದಲ್ಲಿ ಕಾರ್ಡುಗಳು. ಗೋಡೆಯ ಮೇಲೆ 'ಕಲಿಕಾ ಏಣಿ'. ಮಗು ತನ್ನ ಮೆಟ್ಟಿಲನ್ನು ತಾನೇ ನೋಡಿ, ಆ ಗುರುತಿನ ಕಾರ್ಡನ್ನು ತಾನೇ ತೆಗೆದುಕೊಂಡು, ಶಿಕ್ಷಕಿಯ ಬಳಿಯೋ ಗೆಳೆಯರ ಬಳಿಯೋ ಒಂಟಿಯಾಗಿಯೋ ಕೂತು ಕಲಿಯುತ್ತದೆ. ಜ್ವರ ಬಂದು ನಾಲ್ಕು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸಬಹುದು. ಬೆತ್ತವಿಲ್ಲ, ಭಯವಿಲ್ಲ. ನಮ್ಮ ಕಾಲದ ಒಂದನೆಯ ತರಗತಿಯನ್ನು ನೆನೆದುಕೊಂಡರೆ ಇದು ಎಂತಹ ಬಿಡುಗಡೆ ಎಂಬುದು ತಿಳಿಯುತ್ತದೆ.

ಇದರ ಮೂಲ ಆಂಧ್ರದ ಮದನಪಲ್ಲಿಯ ಸಮೀಪದ ರಿಷಿ ವ್ಯಾಲಿ ಸಂಸ್ಥೆ ತನ್ನ ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಪುಟ್ಟ ಶಾಲೆಗಳಲ್ಲಿದೆ. ಅದನ್ನು ನೋಡಿ ಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಕನ್ನಡಕ್ಕೆ ಒಗ್ಗಿಸಿದರು. ಕಾರ್ಡುಗಳನ್ನು ಶಿಕ್ಷಕರೇ ಕುಳಿತು ಬರೆದರು, ಹಾಡುಗಳನ್ನು ತಮ್ಮ ಊರುಗಳಿಂದಲೇ ಆರಿಸಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಒಂದು ತಾಲ್ಲೂಕಿನ ಶಿಕ್ಷಕರ ಕೈಬರಹ ಇಡೀ ರಾಜ್ಯಕ್ಕೆ ಅಚ್ಚಾಗಿ ಹೋದ ಆ ಘಳಿಗೆಯಲ್ಲಿಯೇ ಏನೋ ಒಂದು ಕಳೆದುಹೋಯಿತೆಂದು ನನಗೆ ತೋರುತ್ತದೆ. ಬರೆದವರಿಗೆ ತಮ್ಮ ಮಕ್ಕಳು ಗೊತ್ತಿದ್ದರು. ಪಡೆದವರಿಗೆ ಕಾರ್ಡುಗಳ ಪೆಟ್ಟಿಗೆ ಬಂತು.

ಕಾರ್ಡುಗಳನ್ನು ಒಂದು ಬರಹವೆಂದೇ ಪರಿಗಣಿಸಿ ಓದಿ ನೋಡಿ. ಅವು ಆರಂಭವಾಗುವುದು ಅ ಆ ಇ ಈ ಕ್ರಮದಲ್ಲಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಅನಂತರ ಜ, ವ, ಮ, ಬ, ನ. ಹಿರಿಯರು ಇದನ್ನು ಕಂಡು ಮೂಗು ಮುರಿಯುತ್ತಾರೆ, ಆದರೆ ಇದರಲ್ಲಿ ಜಾಣ್ಮೆಯಿದೆ. ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ ಆಕಾರಗಳು ಮೊದಲು ಬರುತ್ತವೆ. ಗುಣಿತ, ಒತ್ತು ಏನೂ ಇಲ್ಲದೆ ಐದೇ ಅಕ್ಷರಗಳಲ್ಲಿ ಸರ, ದರ, ಅಗಸ, ಅರಸ, ಗರಗಸ ಎಂದು ಪದ ಕಟ್ಟಬಹುದು. ಹತ್ತು ಅಕ್ಷರಗಳಾದಾಗ ಮರ, ಮಗ, ದನ, ಜನ, ನಗರ, ಬಸವ ಬರುತ್ತವೆ. ವರ್ಣಮಾಲೆಯನ್ನು ಪೂರ್ತಿ ತಿದ್ದಿ ಮುಗಿಸುವವರೆಗೆ ಒಂದು ಪದವನ್ನೂ ಓದದೆ ಕಾಯಬೇಕಿದ್ದ ನಮ್ಮ ಬಾಲ್ಯಕ್ಕಿಂತ ಇದು ಮಿಗಿಲು. ಬಡಗಿಯ ಮಗನೊಬ್ಬ 'ಗರಗಸ' ಎಂದು ಓದಿ ಎದೆಯುಬ್ಬಿಸಿದ್ದನ್ನು ನಾನೇ ಕಂಡಿದ್ದೇನೆ.

ಆದರೆ ಮಗು ಮೊದಲು ಆಡುವ ಮಾತುಗಳನ್ನು ಒಮ್ಮೆ ನೆನೆಯಿರಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅನ್ನ. ಒಂದೊಂದರಲ್ಲೂ ಒತ್ತಕ್ಷರ. ಹೀಗಾಗಿ ಏಣಿಯ ಲೆಕ್ಕದಲ್ಲಿ ಅರಸ ಬಹಳ ಹತ್ತಿರ, ಅಮ್ಮ ಬಹಳ ದೂರ. ಮಗುವಿನ ಸ್ವಂತ ಹೆಸರೂ ಹಾಗೆಯೇ. ಲಕ್ಷ್ಮಿ, ಮಲ್ಲಿಕಾರ್ಜುನ, ರುಕ್ಸಾನಾ, ಅಂತೋಣಿ: ಇವರಲ್ಲಿ ಯಾರೂ ಮೊದಲ ಮೆಟ್ಟಿಲುಗಳಲ್ಲಿ ತಮ್ಮ ಹೆಸರನ್ನು ಓದಲಾರರು. ಹೆಸರು ಗೋಡೆಯ ಪಟ್ಟಿಯಲ್ಲಿ ಬರೆದಿರುತ್ತದೆ, ಮಗು ಅದನ್ನು ಚಿತ್ರದಂತೆ ಗುರುತಿಸಿ ಮುಟ್ಟಿ ತೋರಿಸುತ್ತದೆ. ಆ ಗುರುತಿನಿಂದಲೇ ಓದನ್ನು ಆರಂಭಿಸಬಹುದಲ್ಲವೇ ಎಂದು ಶಿಕ್ಷಕಿಯನ್ನು ಕೇಳಿದೆ. "ಆರಂಭಿಸಬಹುದು ಸಾರ್, ಆದರೆ ಅದಕ್ಕೆ ಕಾರ್ಡಿಲ್ಲ" ಎಂದರು. ವ್ಯಂಗ್ಯವಾಗಿ ಹೇಳಿದ್ದಲ್ಲ, ಅವರ ಉತ್ತರದಲ್ಲಿ ಆಯಾಸ ಮಾತ್ರ ಇತ್ತು.

ಕನ್ನಡ ಲಿಪಿಯ ಸ್ವಭಾವವನ್ನು ಯೋಜನೆ ಮಾಡುವವರು ಎಷ್ಟು ಗಮನಿಸಿದ್ದಾರೆ ಎಂಬುದು ಇನ್ನೊಂದು ಪ್ರಶ್ನೆ. ಬೆಂಗಳೂರಿನ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಆರಂಭಿಕ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನ ಪ್ರಪಂಚದ ಓದಿನ ತಜ್ಞರ ಗಮನ ಸೆಳೆಯಿತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಂತೆ ನಮ್ಮವು ಒಂದೆರಡು ವರ್ಷಗಳಲ್ಲಿ ಕೈವಶವಾಗುವುದಿಲ್ಲ, ಗುಣಿತ ಮತ್ತು ಒತ್ತುಗಳ ನೂರಾರು ರೂಪಗಳನ್ನು ಮಗು ಪಳಗಿಸಿಕೊಳ್ಳುವ ಕೆಲಸ ನಾಲ್ಕನೆಯ ತರಗತಿಯವರೆಗೂ ಸಾಗುತ್ತಿರುತ್ತದೆ ಎಂಬುದು ಅದರ ಸಾರ. ಆದರೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ನಿಪುಣ ಭಾರತ' ಕಾರ್ಯಕ್ರಮ ಮೂರನೆಯ ತರಗತಿಯ ಅಂತ್ಯಕ್ಕೆ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಓದಬೇಕು ಎಂಬ ಗುರಿಯನ್ನು ಇಡೀ ದೇಶದ ಮುಂದಿಟ್ಟಿತು. ಹಿಂದಿಯ 'ಮೈ ಘರ್ ಮೇ ಹೂಂ' ನಾಲ್ಕು ಪದ, ಕನ್ನಡದ 'ಮನೆಯಲ್ಲಿದ್ದೇನೆ' ಒಂದೇ ಪದ. ಈ ಎರಡನ್ನೂ ಒಂದೇ ಗಡಿಯಾರದಲ್ಲಿ ಅಳೆಯುವುದು ಹೇಗೆ? 2022ರಲ್ಲಿ ಎನ್.ಸಿ.ಇ.ಆರ್.ಟಿ. ನಡೆಸಿದ ಬುನಾದಿ ಕಲಿಕೆಯ ಅಧ್ಯಯನ ಇಪ್ಪತ್ತು ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಗೊತ್ತುಮಾಡಿತು ಎಂಬುದು ಸಮಾಧಾನದ ಸಂಗತಿ. ಆದರೂ ಶಾಲೆಯ ಗೋಡೆಯ ಮೇಲೆ ನಾನು ಕಂಡದ್ದು ಆ ಅರವತ್ತನ್ನೇ.

ಕೊರೋನಾ ಕಾಲದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ನಮ್ಮಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು. ಅನಂತರ ಬಂದ 2022-23ರ 'ಕಲಿಕಾ ಚೇತರಿಕೆ' ವರ್ಷ, ಪ್ರಥಮ್ ಸಂಸ್ಥೆಯ ಸಹಯೋಗದಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ನಡೆದ 'ಓದು ಕರ್ನಾಟಕ', ಒಂದನೆಯ ತರಗತಿಗೆ 'ವಿದ್ಯಾ ಪ್ರವೇಶ': ಹೆಸರುಗಳು ಒಂದರ ಮೇಲೊಂದು ಬಂದವು. ಪ್ರತಿಯೊಂದಕ್ಕೂ ತರಬೇತಿ, ಪ್ರತಿಯೊಂದಕ್ಕೂ ನಮೂನೆ, ಪ್ರತಿಯೊಂದಕ್ಕೂ ಮೊಬೈಲಿನಲ್ಲಿ ಕಳುಹಿಸಬೇಕಾದ ಭಾವಚಿತ್ರ. ಇವುಗಳಲ್ಲಿ 'ಓದು ಕರ್ನಾಟಕ'ದ ಒಂದು ನಡೆಯನ್ನು ಪ್ರತ್ಯೇಕವಾಗಿ ಮೆಚ್ಚಬೇಕು. ಅಲ್ಲಿ ಮಗುವನ್ನು ತರಗತಿಯ ಲೆಕ್ಕದಿಂದ ನೋಡದೆ, ಅಕ್ಷರ ಬಲ್ಲವರು, ಪದ ಬಲ್ಲವರು, ಪ್ಯಾರಾ ಬಲ್ಲವರು ಎಂದು ಓದಿಸಿ ನೋಡಿ ಗುಂಪು ಮಾಡುತ್ತಾರೆ. ಮಗುವಿನ ಪಕ್ಕದಲ್ಲಿ ಕುಳಿತು ಕಿವಿಗೊಡದೆ ಈ ಗುಂಪು ಮಾಡಲು ಸಾಧ್ಯವೇ ಇಲ್ಲ. ಇಡೀ ವ್ಯವಸ್ಥೆಯಲ್ಲಿ ದೊಡ್ಡವರೊಬ್ಬರು ಮಗುವಿನ ಓದನ್ನು ನಿಜವಾಗಿ ಕೇಳಿಸಿಕೊಳ್ಳುವ ಕೆಲವೇ ಘಳಿಗೆಗಳಲ್ಲಿ ಅದೊಂದು.

ಇಲ್ಲಿ ಅಮೃತಹಳ್ಳಿಯಂತಹ ಸ್ಥಳಗಳ ವಿಚಿತ್ರ ಪರಿಸ್ಥಿತಿಯನ್ನು ಹೇಳಲೇಬೇಕು. ದೇಶದ ಮಕ್ಕಳ ಓದಿನ ಬಗ್ಗೆ ನಾವೆಲ್ಲ ಉಲ್ಲೇಖಿಸುವುದು 'ಅಸರ್' ವರದಿಯನ್ನು. ಐದನೆಯ ತರಗತಿಯಲ್ಲಿದ್ದೂ ಎರಡನೆಯ ತರಗತಿಯ ಪಾಠ ಓದಬಲ್ಲವರು ದೇಶದಲ್ಲಿ 2018ರಲ್ಲಿ ಶೇಕಡ 50.5, 2022ರಲ್ಲಿ 42.8, 2024ರಲ್ಲಿ 48.8 ಎಂದು ಅದು ಲೆಕ್ಕ ಕೊಟ್ಟಿತು. ಆದರೆ ಅದು ಗ್ರಾಮೀಣ ಸಮೀಕ್ಷೆ, ನಗರದ ಗಡಿಯೊಳಗಿನ ಮನೆಗಳ ಬಾಗಿಲು ತಟ್ಟುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ 'ಓದುವ ಬೆಳಕು' 2020ರ ಮಕ್ಕಳ ದಿನದಂದು ಆರಂಭವಾಯಿತು. ಆ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಅದೂ ಪಂಚಾಯಿತಿಗಳಿಗೆ ಮಾತ್ರ. ಅಮೃತಹಳ್ಳಿ ಹಳ್ಳಿಯಾಗಿಯೇ ಉಳಿದಿದ್ದರೆ ಅದರ ಮಕ್ಕಳ ಓದನ್ನು ಯಾರಾದರೂ ಅಳೆಯುತ್ತಿದ್ದರು, ಅವರ ಕೈಗೆ ಪುಸ್ತಕವೂ ಬರುತ್ತಿತ್ತೇನೋ. ನಗರವಾದದ್ದಕ್ಕೆ ಅದು ಎರಡನ್ನೂ ಕಳೆದುಕೊಂಡಿತು.

ನಗರ ಕೊಟ್ಟದ್ದೇನು? 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅನ್ವಯ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡ 6 ಗ್ರಂಥಾಲಯ ಉಪಕರ ಸೇರುತ್ತದೆ. ತೆರಿಗೆ ರಸೀದಿಯನ್ನು ತೆಗೆದು ನೋಡಿದರೆ ನಿಮಗೇ ಕಾಣುತ್ತದೆ. ಪಾಲಿಕೆ ಸಂಗ್ರಹಿಸಿದ ಈ ಹಣ ಗ್ರಂಥಾಲಯ ಇಲಾಖೆಗೆ ಪೂರ್ತಿಯಾಗಿ ತಲುಪದೆ ಬಾಕಿ ಉಳಿದ ಸುದ್ದಿ ಪತ್ರಿಕೆಗಳಲ್ಲಿ ಎಷ್ಟು ಬಾರಿ ಬಂದಿದೆಯೋ ಲೆಕ್ಕವಿಲ್ಲ. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ನಗರಪಾಲಿಕೆಗಳಾಗಿವೆ. ಹೊಸಬರಾದರೂ ಈ ಹಣದಲ್ಲಿ ಒಂದಿಷ್ಟನ್ನು ಸರ್ಕಾರಿ ಶಾಲೆಗಳ ಮಕ್ಕಳ ಪುಸ್ತಕಗಳಿಗೆ ತಿರುಗಿಸುವಂತೆ ಕೇಳಲು ನಮಗೆ, ತೆರಿಗೆ ಕಟ್ಟುವವರಿಗೆ, ಪೂರ್ಣ ಅಧಿಕಾರವಿದೆ.

ಶಾಲೆಯೊಳಗೆ ಪುಸ್ತಕಗಳೇ ಇಲ್ಲವೆಂದು ಹೇಳಲಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ವೃತ್ತಪತ್ರಿಕೆ, ನಿಯತಕಾಲಿಕೆ, ಕಥೆ ಪುಸ್ತಕಗಳಿರುವ ಗ್ರಂಥಾಲಯ ಇರಬೇಕೆನ್ನುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯ ಅನುದಾನವೂ ಇದೆ. ನಾನು ಹೋಗುತ್ತಿದ್ದ ಶಾಲೆಯಲ್ಲಿ ಪುಸ್ತಕಗಳಿದ್ದವು: ಕಬ್ಬಿಣದ ಬೀರುವಿನಲ್ಲಿ, ಬೀಗದೊಳಗೆ, ಕ್ರಮಸಂಖ್ಯೆ ಬರೆದು, ಅಚ್ಚುಕಟ್ಟಾಗಿ. ಕಳೆದುಹೋದರೆ ಲೆಕ್ಕ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರು ಮುಖ್ಯ ಶಿಕ್ಷಕರು. ಹರಿದುಹೋದ ಪುಸ್ತಕವನ್ನು ದಾಖಲೆಯಿಂದ ಬಿಡಿಸಿಕೊಳ್ಳುವುದು ಅವರಿಗೆ ದೊಡ್ಡ ರಗಳೆ, ಓದದ ಪುಸ್ತಕದಿಂದ ಯಾವ ರಗಳೆಯೂ ಇಲ್ಲ. ಹರಿದ ಪುಸ್ತಕವನ್ನು ನಷ್ಟವೆಂದೂ ಹೊಸದಾಗಿಯೇ ಉಳಿದ ಪುಸ್ತಕವನ್ನು ಆಸ್ತಿಯೆಂದೂ ಬರೆಯುವ ಲೆಕ್ಕಪದ್ಧತಿ ಇರುವ ತನಕ ಬೀರುವಿನ ಬೀಗ ತೆರೆಯುವುದು ಕಷ್ಟ. ಜಿಲ್ಲೆಯ ಅಧಿಕಾರಿಗಳು ಒಂದು ಸುತ್ತೋಲೆಯಿಂದ ಸರಿಪಡಿಸಬಹುದಾದ ದೋಷವಿದು. ಹೊಸ ಯೋಜನೆಯೂ ಬೇಡ, ಹೊಸ ಹೆಸರೂ ಬೇಡ. ಪುಸ್ತಕಗಳ ಕೊರತೆ ಕನ್ನಡದಲ್ಲಿ ಮೊದಲಿನಷ್ಟಿಲ್ಲ. 2004ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಮಕ್ಕಳ ಪುಸ್ತಕಗಳನ್ನು ಕನ್ನಡದಲ್ಲೂ ತರುತ್ತಾ ಬಂದಿದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಏಣಿಯ ಕಲ್ಪನೆಯೇ ಮಗು ಒಂದೆಡೆ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಕೋಟೆ ತಾಲ್ಲೂಕಿನ ಹಳ್ಳಿಯಲ್ಲಿ ಮಗು ನಾಲ್ಕು ದಿನ ತಪ್ಪಿಸಿಕೊಂಡರೂ ಐದನೆಯ ದಿನ ಅದೇ ಗೋಡೆಯ ಮುಂದೆ ಬಂದು ನಿಲ್ಲುತ್ತಿತ್ತು. ಅಮೃತಹಳ್ಳಿಯ ಶೆಡ್ಡಿನ ಮಗು ಕಟ್ಟಡದ ಜೊತೆಗೆ ಬರುತ್ತದೆ, ಕಟ್ಟಡ ಮುಗಿದೊಡನೆ ಹೊರಡುತ್ತದೆ. ಸುಗ್ಗಿಗೋ ಜಾತ್ರೆಗೋ ಊರಿಗೆ ಹೋದದ್ದು ಎರಡು ತಿಂಗಳಾಗುತ್ತದೆ. ವರ್ಗಾವಣೆ ಪತ್ರದಲ್ಲಿ ಹೆಸರು, ಜನ್ಮದಿನಾಂಕ, ಓದುತ್ತಿದ್ದ ತರಗತಿ ಬರೆಯುತ್ತಾರೆ. ಏಣಿಯ ಎಷ್ಟನೆಯ ಮೆಟ್ಟಿಲಲ್ಲಿತ್ತು, ಯಾವ ಒತ್ತಕ್ಷರದಲ್ಲಿ ಎಡವುತ್ತಿತ್ತು ಎಂಬುದು ಅದರಲ್ಲಿ ಇರುವುದಿಲ್ಲ. ಹೊಸ ಶಾಲೆಯಲ್ಲಿ ಮತ್ತೆ ರ, ಗ, ಸ, ದ. ಜೊತೆಗೆ ಮನೆಮಾತಿನ ತೊಡಕು. ಯಾದಗಿರಿಯ ಮಗುವಿನ ಕನ್ನಡವೇ ಕಾರ್ಡಿನ ಕನ್ನಡವಲ್ಲ. ತೆಲುಗು, ಉರ್ದು, ತಮಿಳು, ಹಿಂದಿ ಮನೆಮಾತಿನವರೂ ಅದೇ ಚಾಪೆಯ ಮೇಲೆ ಕುಳಿತಿರುತ್ತಾರೆ. 2019ರಿಂದ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳು ಆರಂಭವಾದಲ್ಲಿ ಎರಡನೆಯ ಲಿಪಿಯ ಭಾರವೂ ಸೇರಿದೆ. ಇದಾವುದೂ ಜಿಲ್ಲೆಯ ಕಚೇರಿಗೆ ತಿಳಿಯದ ವಿಷಯವಲ್ಲ. ತಿಳಿದಿದ್ದೂ ಯೋಜನೆಯಲ್ಲಿ ಇದಕ್ಕೆಂದು ಒಂದು ಸಾಲು ಇಲ್ಲದಿರುವುದೇ ನನ್ನ ಆಕ್ಷೇಪಣೆ.

ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ಇದು ದೂರದ ವಿಷಯವೆನ್ನಿಸಬಹುದು, ನಮ್ಮ ಮಕ್ಕಳು ಆ ಚಾಪೆಯ ಮೇಲಿಲ್ಲವಲ್ಲ. ಆದರೆ ಭಾನುವಾರ ವಾಚನಪೀಠಕ್ಕೆ ಹೋಗಿ ಕನ್ನಡದ ವಾಚನ ಓದಲು ಎಷ್ಟು ಮಕ್ಕಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಚೀಟಿ ಹಿಡಿದು ನಿಲ್ಲುತ್ತಾರೆ ಎಂಬುದನ್ನು ನಾವು ಕಂಡಿಲ್ಲವೇ? ಒತ್ತಕ್ಷರದ ಮುಂದೆ ತಡವರಿಸುವುದರಲ್ಲಿ ಹಳದಿ ಬಸ್ಸಿನ ಮಗುವಿಗೂ ಶೆಡ್ಡಿನ ಮಗುವಿಗೂ ಅಂತಹ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು, ಒಬ್ಬನಿಗೆ ಓದಲು ಇನ್ನೊಂದು ಭಾಷೆಯಿದೆ ಎಂಬುದರಲ್ಲಿ.

ಆ ಬಾಲಕಿಯ ವಿಷಯ ಹೇಳಿ ಮುಗಿಸುತ್ತೇನೆ. ತೆಳುವಾದ ಆ ಪುಸ್ತಕವನ್ನು ನಾವಿಬ್ಬರೂ ವಾರಕ್ಕೆ ಒಂದು ಪುಟದಂತೆ ಓದಿದೆವು. ಐದನೆಯ ಪುಟದಲ್ಲಿ 'ಅಜ್ಜಿ' ಎಂಬ ಪದ ಬಂದಾಗ ತಾನೇ ಜ-ಒತ್ತನ್ನು ಗುರುತಿಸಿ, "ನಮ್ಮ ಆಯಿ" ಎಂದು ನಕ್ಕಳು. ಜನವರಿಯಲ್ಲಿ ಆಕೆಯ ತಂದೆ ವರ್ಗಾವಣೆ ಪತ್ರಕ್ಕೆ ಬಂದರು, ಕೆಲಸ ದೇವನಹಳ್ಳಿಯ ಆಚೆಗೆಲ್ಲೋ ಸಿಕ್ಕಿತ್ತು. ಶಿಕ್ಷಕಿ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಆಕೆ ಏರಿದ್ದ ಮೆಟ್ಟಿಲು, ಬಲ್ಲ ಅಕ್ಷರಗಳು, ಎಡವುವ ಒತ್ತುಗಳು ಎಲ್ಲವನ್ನೂ ಬರೆದರು, ಕೊನೆಗೆ ಓದುತ್ತಿದ್ದ ಪುಸ್ತಕದ ಹೆಸರನ್ನೂ ಸೇರಿಸಿದರು. ಮೇಲೆ 'ಮುಖ್ಯ ಶಿಕ್ಷಕರು' ಎಂದು ಬರೆದು, "ಯಾವ ಶಾಲೆ ಎಂದು ಹಾಕಲಿ?" ಎಂದು ತಂದೆಯನ್ನು ಕೇಳಿದರು. ಅವರಿಗೆ ತಿಳಿದಿರಲಿಲ್ಲ. ಶಿಕ್ಷಕಿ ಆ ಜಾಗವನ್ನು ಖಾಲಿ ಬಿಟ್ಟು, ಹಾಳೆಯನ್ನು ಮಡಚಿ, ವರ್ಗಾವಣೆ ಪತ್ರದೊಳಗಿಟ್ಟು ಅವರ ಕೈಗೆ ಕೊಟ್ಟರು.